ಸಹಾಯ ಬೇಕು: ಬೀಡ್-ಪುಲ್ ಅಳತೆಯಲ್ಲಿ ಕೊನೆಯ ಸೆಲ್ ಕಡಿಮೆ ತೋರಿಸುತ್ತಿದೆ

ನಮಸ್ಕಾರ. ಆರ್‌ಎಫ್ ಕ್ಯಾವಿಟಿ (ರೇಡಿಯೋ ತರಂಗಗಳನ್ನು ಒಳಗೆ ಹಿಡಿದಿಡುವ ಟೊಳ್ಳು ಲೋಹದ ಪೆಟ್ಟಿಗೆ) ಟ್ಯೂನ್ ಮಾಡಿದ ಅನುಭವ ಇರುವವರು ದಯವಿಟ್ಟು ಓದಿ.

ನಮ್ಮಲ್ಲಿ 1.3 ಗಿಗಾಹರ್ಟ್ಸ್‌ನ, 9 ಸೆಲ್‌ಗಳ (ಸಾಲಾಗಿ ಜೋಡಿಸಿದ ಕೋಣೆಗಳ) ತಾಮ್ರದ ಮಾದರಿ ಕ್ಯಾವಿಟಿ ಇದೆ. ಪೈ ಮೋಡ್‌ನಲ್ಲಿ, ಅಂದರೆ ಪಕ್ಕಪಕ್ಕದ ಸೆಲ್‌ಗಳಲ್ಲಿ ಕ್ಷೇತ್ರ ವಿರುದ್ಧ ದಿಕ್ಕಿನಲ್ಲಿರುವ ಕಂಪನದಲ್ಲಿ, ವಿದ್ಯುತ್ ಕ್ಷೇತ್ರ ಎಲ್ಲ ಸೆಲ್‌ಗಳಲ್ಲೂ ಸಮವಾಗಿದೆಯಾ ಅಂತ ನೋಡಬೇಕು. ಸಣ್ಣ ಸೆರಾಮಿಕ್ ಮಣಿಯನ್ನು ದಾರಕ್ಕೆ ಕಟ್ಟಿ ನಡುಗೆರೆಯ ಉದ್ದಕ್ಕೂ ಎಳೆಯುತ್ತೇವೆ; ಇದೇ ಬೀಡ್-ಪುಲ್. ನೆಟ್‌ವರ್ಕ್ ಅನಲೈಸರ್‌ನಲ್ಲಿ (ಸಿಗ್ನಲ್ ಕಳಿಸಿ, ಮರಳಿ ಬಂದದ್ದನ್ನು ಅಳೆಯುವ ಉಪಕರಣ) ಫೇಸ್, ಅಂದರೆ ತರಂಗದ ಹಂತ, ಓದಿ, ಅದರಿಂದ ಫ್ರೀಕ್ವೆನ್ಸಿ ಎಷ್ಟು ಇಳಿಯಿತು ಅಂತ ಲೆಕ್ಕ ಹಾಕುತ್ತೇವೆ. ಆ ಇಳಿತ ಕ್ಷೇತ್ರದ ವರ್ಗಕ್ಕೆ ತಕ್ಕಂತೆ ಇರುತ್ತದೆ, ಹಾಗಾಗಿ ವರ್ಗಮೂಲ ತೆಗೆದು ಹೋಲಿಸುತ್ತೇವೆ.

ತೊಂದರೆ ಏನೆಂದರೆ, ಮಣಿ ಹೊರಬಂದ ಮೇಲೂ ಫೇಸ್ ಮೊದಲಿನ ಮಟ್ಟಕ್ಕೆ ಮರಳುವುದಿಲ್ಲ. ಕೊನೆಯ ಸೆಲ್‌ನ ಶಿಖರವೂ ಕುಳ್ಳಗಿದೆ. ತಾಪಮಾನದ ಮೇಲೆ ನನಗೆ ಜಾಸ್ತಿ ಅನುಮಾನ. ತಾಮ್ರ ಹಿಗ್ಗುವುದರಿಂದ ಒಂದು ಡಿಗ್ರಿಗೆ ಸುಮಾರು 22 ಕಿಲೋಹರ್ಟ್ಸ್ ಜಾರುತ್ತದೆ. ಇಷ್ಟು ಸಾಕು ಅಲ್ವಾ, ಅಳತೆ ಕೆಡಲು! ಆದರೆ ಬರೀ ಅದೇ ಕಾರಣವಾಗಿದ್ದರೆ, ಉಲ್ಟಾ ಎಳೆದಾಗ ತಗ್ಗು ಇನ್ನೊಂದು ತುದಿಗೆ ಹೋಗಬೇಕಿತ್ತು. ಹೋಗುತ್ತಿಲ್ಲ. ಸ್ವಲ್ಪ ಕಡಿಮೆಯಾಗುತ್ತದೆ ಅಷ್ಟೇ. ದಾರ ಜೋತು ಬಿದ್ದಿದ್ದರೆ ನಡುವಿನ ಸೆಲ್‌ಗಳಲ್ಲಿ ಕಾಣಬೇಕು, ತುದಿಯಲ್ಲಲ್ಲ.

ಆ ತುದಿಯಲ್ಲೇ ನಮ್ಮ ಪಿಕಪ್ ಆಂಟೆನಾ (ಕ್ಯಾವಿಟಿಯಿಂದ ಸಿಗ್ನಲ್ ಹೊರತೆಗೆಯುವ ಕಡ್ಡಿ) ಇದೆ. ಅದು ತುಂಬಾ ಒಳಗೆ ಚಾಚಿ ಸೆಲ್‌ನ ಟ್ಯೂನಿಂಗ್ ಕೆಡಿಸುತ್ತಿರಬಹುದೇ? ಎಷ್ಟು ಹಿಂದೆ ಎಳೆದರೆ ಸಿಗ್ನಲ್ ಗದ್ದಲದಲ್ಲಿ ಮುಳುಗದೆ ಉಳಿಯುತ್ತದೆ? ಫೇಸ್ ಜಾರುವಿಕೆಯನ್ನು ಸುಮ್ನೆ ಸರಳರೇಖೆ ಹಾಕಿ ಕಳೆದರೆ ಸಾಕೇ, ಅಥವಾ ಪ್ರತಿ ಜಾಗದಲ್ಲೂ ಮಣಿ ನಿಲ್ಲಿಸಿ ಅಳೆಯಬೇಕೇ?

ತುದಿಯ ಸೆಲ್ ಅನ್ನು ಒತ್ತಿ ಸರಿಪಡಿಸುವ ಮೊದಲೇ ಇದು ಗೊತ್ತಾಗಬೇಕು. ನಿಮ್ಮ ಗ್ರಾಫ್ ಇದ್ದರೆ ಹಾಕಿ, ತುಂಬಾ ಉಪಕಾರವಾಗುತ್ತದೆ.