ಅಪ್‌ಡೇಟ್: ಡೆಸ್ಕ್‌ಟಾಪ್ ವಾಪಸ್ ಬಂತು

'ಹಾರ್ಡ್ ಡಿಸ್ಕ್ ಕೆಟ್ಟಿದೆ' ಅಂತ ಸುಳ್ಳು ಎಚ್ಚರಿಕೆ ಕೊಡುವ ಮಾಲ್‌ವೇರ್ ಹೊಕ್ಕು, ಮನೆಯ ವಿಂಡೋಸ್ 7 ಕಂಪ್ಯೂಟರಿನಲ್ಲಿ ಒಂದು ಐಕಾನೂ ಉಳಿದಿಲ್ಲ ಅಂತ ಕೇಳಿದ್ದೆನಲ್ಲ, ಈಗ ಎಲ್ಲ ಸರಿಹೋಯಿತು!

ಫೈಲುಗಳು ಅಳಿಸಿಹೋಗಿರಲಿಲ್ಲ, ಮಾಲ್‌ವೇರ್ ಅವನ್ನು 'ಹಿಡನ್' ಮಾಡಿತ್ತು ಅಷ್ಟೇ. ಮೊದಲು, ಅಗತ್ಯ ಪ್ರೋಗ್ರಾಂಗಳು ಮಾತ್ರ ಶುರುವಾಗುವ ಸೇಫ್ ಮೋಡ್‌ನಲ್ಲಿ ಸ್ಕ್ಯಾನ್ ಮಾಡಿ ಅದನ್ನು ತೆಗೆದೆ. ಆಮೇಲೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಫೈಲುಗಳ 'ಹಿಡನ್' ಗುರುತು ತೆಗೆಯುವ ಅಟ್ರಿಬ್ ಕಮಾಂಡ್ ಕೊಟ್ಟೆ. ಅಪ್ಪನ ಹಳೇ ಫೋಟೋಗಳ ಫೋಲ್ಡರ್ ಕಂಡಾಗ ಕಣ್ಣು ತುಂಬಿ ಬಂತು.

ಸ್ಟಾರ್ಟ್ ಮೆನು ಮಾತ್ರ ಆಗಲೂ ಖಾಲಿಯಿತ್ತು. ಅದರ ಶಾರ್ಟ್‌ಕಟ್‌ಗಳು ಟೆಂಪ್ (ತಾತ್ಕಾಲಿಕ ಫೈಲುಗಳ ಫೋಲ್ಡರ್) ಒಳಗಿನ 'ಎಸ್‌ಎಂಟಿಎಂಪಿ' ಫೋಲ್ಡರಿನಲ್ಲಿ, '1' ಅನ್ನೋ ಹೆಸರಿನಡಿ ಸಿಕ್ಕವು. ಅಲ್ಲಿಂದ ಕಾಪಿ ಮಾಡಿ ಹಾಕಿದೆ. ಟೆಂಪ್ ಕ್ಲೀನ್ ಮಾಡಬೇಡಿ ಅಂತ ನೀವು ಆಗ ತಡೆದಿರಲ್ಲ, ಅದೇ ಉಳಿಸಿತು. ನಿಜವಾಗಲೂ ತುಂಬಾ ಥ್ಯಾಂಕ್ಸ್. ಪಾಸ್‌ವರ್ಡ್‌ಗಳನ್ನೆಲ್ಲ ಬೇರೆ ಕಂಪ್ಯೂಟರಿನಿಂದ ಬದಲಾಯಿಸಿದ್ದೇನೆ.