ಮಗುವಿನ ಅಪಧಮನಿಗೆ ಕ್ಯಾತಿಟರ್: ಒಪ್ಪಿಗೆ ಪತ್ರಕ್ಕೆ ಪದ ಬೇಕು, ತುರ್ತು

ನಮಸ್ಕಾರ. ಮಕ್ಕಳ ಐಸಿಯು ಒಂದರ ಒಪ್ಪಿಗೆ ಪತ್ರ ಕನ್ನಡಕ್ಕೆ ತರುತ್ತಿದ್ದೇನೆ. ಸಂಜೆಯೊಳಗೆ ಪ್ರಿಂಟಿಗೆ ಹೋಗಬೇಕು. ಹಳೇ ಪ್ರತಿಯಲ್ಲಿ ‘ಶ್ರವಣಾತೀತ ತರಂಗ ಮಾರ್ಗದರ್ಶಿತ ಅಪಧಮನಿ ನಳಿಕಾ ಸ್ಥಾಪನೆ’ ಅಂತಿದೆ. ಸಹಿ ಹಾಕುವವರು ಗಾಬರಿಯಲ್ಲಿರುವ ಅಪ್ಪ ಅಮ್ಮ! ಕೆಲಸ ಇಷ್ಟೇ: ಕೂಸಿನ ಮಣಿಕಟ್ಟಿನ ಮೇಲೆ ಸ್ಕ್ಯಾನಿಂಗ್ ಪ್ರೋಬ್ ಇಟ್ಟು, ಪರದೆ ನೋಡುತ್ತಾ, ಮಿಡಿಯುವ ರಕ್ತನಾಳಕ್ಕೆ ಪ್ಲಾಸ್ಟಿಕ್ ಕೊಳವೆ ತೂರಿಸುವುದು. ಬಿಪಿ ಸತತ ಗೊತ್ತಾಗಲು, ಪದೇ ಪದೇ ಚುಚ್ಚದೆ ರಕ್ತ ತೆಗೆಯಲು. ‘ನರ’ ಅಂತ ಬರೆಯಲಾ? ಜನ ಹಾಗೇ ಅಂತಾರೆ.

ಮರು:
‘ನರ’ ತಪ್ಪು. ನರ ಅಂದರೆ ನರ್ವ್. ಅಪಧಮನಿ ಶಾಲೆಯ ಪುಸ್ತಕದಲ್ಲೇ ಇದೆ. ‘ಅಪ’ ಅಂದರೆ ರಕ್ತ ಹೃದಯದಿಂದ ಆಚೆ, ಅಭಿಧಮನಿಯ ‘ಅಭಿ’ ಅಂದರೆ ಹೃದಯದ ಕಡೆಗೆ. ಅಂದಹಾಗೆ, ಧಮನಿಯ ಧಾತು ‘ಧಮ್’, ಊದು ಅಂತ. ಗ್ರೀಕರ ‘ಆರ್ಟೀರಿಯಾ’ ಕೂಡ ಗಾಳಿಕೊಳವೆಗೆ ಇದ್ದ ಹೆಸರು. ಹೆಣ ಕೊಯ್ದಾಗ ಅಪಧಮನಿ ಖಾಲಿ ಕಾಣುತ್ತಿತ್ತು, ಅದರಲ್ಲಿ ಗಾಳಿ ಓಡುತ್ತೆ ಅಂದುಕೊಂಡಿದ್ದರು. ಅಲ್ಲ, ರಕ್ತ ಅಂತ ತೋರಿಸಿದವನು ಪ್ರಾಚೀನ ಗ್ರೀಕ್ ವೈದ್ಯ ಗೇಲನ್.

ಮರು:
ಸಹಿ ಹಾಕೋದು ಗೇಲನ್ ಅಲ್ಲ ಸ್ವಾಮಿ. ಅಪ, ಅಭಿ ಎರಡೂ ಸಂಸ್ಕೃತದ ಹೊರೆ. ‘ಹೊರಗೊಳವೆ’, ‘ಮರಳುಗೊಳವೆ’ ಅನ್ನಿ, ಮುಗೀತು.

ಮರು:
ಮರಳುಗೊಳವೆಯಲ್ಲಿ ಲೋಡುಗಟ್ಟಲೆ ಮರಳು ಸಾಗಿಸ್ತೀರಾ?

ಮರು:
ನಾನು ಐಸಿಯು ನರ್ಸ್. ಗಡಿಬಿಡಿಯಲ್ಲಿ ಅಪಧಮನಿ, ಅಭಿಧಮನಿ ಕಿವಿಗೆ ಒಂದೇ ಥರ ಕೇಳುತ್ತವೆ. ಇದು ಸುಮ್ನೆ ಮಾತಲ್ಲ. ಅಭಿಧಮನಿಗೆ ಹಾಕುವ ಔಷಧ ಅಪಧಮನಿಗೆ ಹೋದರೆ ಬೆರಳುಗಳೇ ಕೊಳೆಯಬಹುದು. ಅದಕ್ಕೇ ಅಪಧಮನಿಯ ಕೊಳವೆಗೆ (ಲೈನಿಗೆ) ಕೆಂಪು ಗುರುತು. ವಾರ್ಡಿನಲ್ಲಿ ‘ಆರ್ಟ್ ಲೈನ್’ ಅಂತೀವಿ. ಕೂಸಿನ ಮಣಿಕಟ್ಟಿನ ಅಪಧಮನಿ ಹೆಚ್ಚುಕಡಿಮೆ 1–2 ಮಿಲಿಮೀಟರ್, ಬೆರಳಿಗೆ ಸರಿಯಾಗಿ ಸಿಗಲ್ಲ. ಸ್ಕ್ಯಾನಿಂಗ್‌ನಲ್ಲಾದರೆ ಪ್ರೋಬ್ ಮೆಲ್ಲಗೆ ಒತ್ತಿದಾಗ ಅಭಿಧಮನಿ ಚಪ್ಪಟೆಯಾಗುತ್ತೆ, ಅಪಧಮನಿ ಮಿಡೀತಾನೇ ಇರುತ್ತೆ. ಅಪ್ಪ ಅಮ್ಮನಿಗೆ ‘ಡಾಕ್ಟರು ನಾಡಿ ಹಿಡಿದು ನೋಡ್ತಾರಲ್ಲ, ಆ ರಕ್ತನಾಳ’ ಅಂದರೆ ತಕ್ಷಣ ತಿಳಿಯುತ್ತೆ. ಇದನ್ನೇ ಬರೀರಿ.

ಮರು:
ಆರ್ಟ್ ಲೈನ್, ಪ್ರೋಬ್, ಸ್ಕ್ಯಾನಿಂಗ್! ಹೀಗೆ ಒಂದೊಂದೇ ಬಿಟ್ಟುಕೊಟ್ಟರೆ ಕನ್ನಡಕ್ಕೆ ವಿಭಕ್ತಿ ಪ್ರತ್ಯಯ ಅಷ್ಟೇ ಉಳಿಯೋದು.

ಮರು:
‘ಆಸ್ಪತ್ರೆ’ ಎಲ್ಲಿಂದ ಬಂತು? ‘ಸಹಿ’ ಅರಬ್ಬಿಯದು. ಅವನ್ನೂ ತೆಗೆದುಹಾಕೋಣವೇ?

ಮರು:
ಬಂದು ನೂರಾರು ವರ್ಷ ಆದದ್ದು ಬೇರೆ, ನಿನ್ನೆ ಬಂದದ್ದು ಬೇರೆ. ಇಷ್ಟೂ ಗೊತ್ತಿಲ್ಲದವರ ಜೊತೆ ವಾದ ಬೇಡ.

ಮರು:
ಜಗಳ ಆಮೇಲೆ ಮುಂದುವರಿಸಿ, ಹೊತ್ತಾಯಿತು. ಹೀಗೆ ಕಳಿಸುತ್ತಿದ್ದೇನೆ: ‘ಸ್ಕ್ಯಾನಿಂಗ್‌ನಲ್ಲಿ ನೋಡುತ್ತಾ ಮಗುವಿನ ಕೈನಾಡಿಯ ರಕ್ತನಾಳಕ್ಕೆ (ಅಪಧಮನಿಗೆ) ಸಣ್ಣ ಕೊಳವೆ ಹಾಕುವುದು. ಈ ಕೊಳವೆಯಲ್ಲಿ ಔಷಧ ಕೊಡುವುದಿಲ್ಲ.’ ನರ್ಸಮ್ಮನಿಗೆ ಥ್ಯಾಂಕ್ಸ್.

ಮರು:
‘ಕೈನಾಡಿ’ ಅರಿಸಮಾಸ, ಕನ್ನಡ ಸಂಸ್ಕೃತದ ಬೆರಕೆ. ತಿದ್ದಿ.