ಪದ ಬೇಕು (ತುರ್ತು): ಪಲಾವು ದೇಶದ ‘ಕಾಂಪ್ಯಾಕ್ಟ್ ಆಫ್ ಫ್ರೀ ಅಸೋಸಿಯೇಷನ್’

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಪೆಸಿಫಿಕ್ ದ್ವೀಪರಾಷ್ಟ್ರಗಳ ಭೂಪಟ ಫಲಕ ನಾಳೆ ಸಂಜೆ ಮುದ್ರಣಕ್ಕೆ ಹೋಗಬೇಕು. ಪಲಾವು, ಮಾರ್ಷಲ್ ದ್ವೀಪಗಳು, ಮೈಕ್ರೊನೇಷ್ಯ ಈ ಮೂರೂ ಅಮೆರಿಕದ ಜೊತೆ ಮಾಡಿಕೊಂಡಿರುವ ‘ಕಾಂಪ್ಯಾಕ್ಟ್ ಆಫ್ ಫ್ರೀ ಅಸೋಸಿಯೇಷನ್’ಗೆ (ದೇಶ ಸ್ವತಂತ್ರವಾಗಿದ್ದೂ ರಕ್ಷಣೆಯನ್ನು ಅಮೆರಿಕಕ್ಕೆ ಬಿಡುವ ಒಪ್ಪಂದ) ಸದ್ಯ ‘ಮುಕ್ತ ಸಹಯೋಗ ಒಪ್ಪಂದ’ ಎಂದು ಹಾಕಿದ್ದೇನೆ. ನ್ಯೂಜಿಲೆಂಡ್ ಜೊತೆಗಿರುವ ಕುಕ್ ದ್ವೀಪಗಳು ಮತ್ತು ನಿಯುವೆಗೂ ಅದೇ ಬಣ್ಣ, ಅದೇ ಪದ. ಸರಿಯೇ? ಸಾಲಿಗೆ ಮೂರು ಪದಕ್ಕಿಂತ ಹೆಚ್ಚು ಹಿಡಿಸುವುದಿಲ್ಲ.

ಉತ್ತರ 1

‘ಮುಕ್ತ’ ಬೇಡವೇ ಬೇಡ. ಮುಕ್ತ ವಿಶ್ವವಿದ್ಯಾಲಯ, ಮುಕ್ತ ಮಾರುಕಟ್ಟೆ, ಮುಕ್ತ ವ್ಯಾಪಾರ ಒಪ್ಪಂದ ಇವೆಲ್ಲ ಓದುಗರ ಕಿವಿಯಲ್ಲಿವೆ. ನಿಮ್ಮ ಫಲಕ ನೋಡಿದವರು ಇದು ಸುಂಕ ಇಳಿಸುವ ಒಪ್ಪಂದ ಎಂದುಕೊಳ್ಳುತ್ತಾರೆ. ‘ಸಹಯೋಗ’ವಂತೂ ಪ್ರತಿ ಆಮಂತ್ರಣ ಪತ್ರಿಕೆಯ ತಳದಲ್ಲಿ ‘ಇವರ ಸಹಯೋಗದಲ್ಲಿ’ ಎಂದು ಸವೆದುಹೋಗಿದೆ.

ಇಲ್ಲಿ ‘ಫ್ರೀ’ ಎಂದರೆ ಜನ ತಾವೇ ಆರಿಸಿಕೊಂಡದ್ದು ಎಂದರ್ಥ. ವಿಶ್ವಸಂಸ್ಥೆಯ ಮಹಾಸಭೆ 1960ರಲ್ಲಿ ಅಂಗೀಕರಿಸಿದ 1541ನೇ ನಿರ್ಣಯ ವಸಾಹತುಗಳಿಗೆ ಮೂರು ದಾರಿ ಹೇಳಿತು: ಪೂರ್ಣ ಸ್ವಾತಂತ್ರ್ಯ, ಸ್ವತಂತ್ರ ದೇಶವೊಂದರ ಜೊತೆ ಇಂಥ ಸಂಬಂಧ, ಇಲ್ಲವೇ ವಿಲೀನ. ಎರಡನೆಯದು ಜನರ ಸ್ವಇಚ್ಛೆಯ ಆಯ್ಕೆಯಾಗಿರಬೇಕು, ಮುಂದೆ ಸ್ಥಾನ ಬದಲಿಸಿಕೊಳ್ಳುವ ಅವಕಾಶವೂ ಉಳಿಯಬೇಕು ಎಂಬುದು ಷರತ್ತು. ಪಲಾವಿನಲ್ಲಿ ಇದು ಬರೀ ಕಾಗದದ ಮಾತಾಗಿರಲಿಲ್ಲ. ಅಲ್ಲಿನ ಸಂವಿಧಾನದ ಅಣ್ವಸ್ತ್ರ ನಿಷೇಧಕ್ಕೆ ಅಡ್ಡಬರುವ ಒಪ್ಪಂದಕ್ಕೆ ಶೇ 75 ಮತ ಬೇಕಿತ್ತು. 1983ರಿಂದ ಮತ್ತೆ ಮತ್ತೆ ಜನಮತ ಕೇಳಿದರೂ ಅಷ್ಟು ಸಿಗಲಿಲ್ಲ. 1992ರಲ್ಲಿ ಸರಳ ಬಹುಮತ ಸಾಕೆಂದು ತಿದ್ದುಪಡಿ ಮಾಡಿದ ಮೇಲೆ 1993ರ ನವೆಂಬರ್‌ನಲ್ಲಿ ಶೇ 68 ಮತ ಬಿದ್ದು, 1994ರ ಅಕ್ಟೋಬರ್ 1ಕ್ಕೆ ಜಾರಿಯಾಯಿತು. ‘ಸ್ವಇಚ್ಛೆ’ ಎಂಬ ಪದ ಇಲ್ಲಿ ಬರಲೇಬೇಕು.

ಉತ್ತರ 2

‘ಒಪ್ಪಂದ’ ತೆಗೆದು ‘ಒಡಂಬಡಿಕೆ’ ಹಾಕಿ. ಒಡನ್ + ಪಡು, ಅನುನಾಸಿಕದ ಮುಂದೆ ಪಕಾರ ಬಕಾರವಾಗಿದೆ. ‘ಜೊತೆ’ ಎಂಬರ್ಥ ಧಾತುವಿನಲ್ಲೇ ಕೂತಿರುವಾಗ ಅದರ ಬೆನ್ನಿಗೆ ಇನ್ನೊಂದು ‘ಸಹ’ ಏಕೆ? ‘ಸ್ವಇಚ್ಛೆಯ ಒಡಂಬಡಿಕೆ’ ಸಾಕು.

ಉತ್ತರ 3

ಇಷ್ಟು ಒದ್ದಾಟ ಯಾಕೆ? ರಕ್ಷಣೆ ದೊಡ್ಡವರ ಕೈಗೆ ಕೊಟ್ಟು ಚಿಕ್ಕವರು ಉಳಿಯುವುದಕ್ಕೆ ಕನ್ನಡದ ಶಾಲಾಪಠ್ಯದಲ್ಲೇ ಪದವಿದೆ: ಸಹಾಯಕ ಸೈನ್ಯ ಪದ್ಧತಿ. ಅದು ಬೇಡವೆಂದರೆ ‘ಸಾಮಂತ’.

ಉತ್ತರ 4

ಎರಡೂ ತಪ್ಪು. 1799ರ ಒಪ್ಪಂದದಂತೆ ಮೈಸೂರು ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ 7 ಲಕ್ಷ ವರಾಹ ಕೊಡಬೇಕಿತ್ತು. ಸಾಮಂತನಾದರೂ ಕಪ್ಪ ಒಪ್ಪಿಸುವವನೇ. ಇಲ್ಲಿ ಹಣ ಹರಿಯುವುದು ಎದುರು ದಿಕ್ಕಿಗೆ: 2024ರ ಮಾರ್ಚ್‌ನ ಕಾಯ್ದೆಯಲ್ಲಿ ಮೂರು ದೇಶಗಳಿಗೆ 20 ವರ್ಷಕ್ಕೆ ಸುಮಾರು 710 ಕೋಟಿ ಡಾಲರ್, ಅಂಚೆ ಸೇವೆಯ ಖರ್ಚೂ ಸೇರಿ. ಪ್ರತಿಯಾಗಿ ಅಮೆರಿಕಕ್ಕೆ ಸಿಗುವುದು ರಕ್ಷಣೆಯ ಹೊಣೆ ಮತ್ತು ಬೇರೆ ದೇಶದ ಸೇನೆಯನ್ನು ಆ ಕಡಲಿನಿಂದ ಹೊರಗಿಡುವ ಹಕ್ಕು.

ಅದಕ್ಕಿಂತ ಮುಖ್ಯವಾದದ್ದು, ಕಂಪನಿಗೆ ತಿಳಿಸದೆ ಮೈಸೂರು ಇನ್ನೊಬ್ಬ ಅರಸನಿಗೆ ಪತ್ರ ಬರೆಯುವಂತಿರಲಿಲ್ಲ. ಅಮೆರಿಕ 1979ರಿಂದ ಚೀನಾದ ಸರ್ಕಾರವೆಂದು ಮಾನ್ಯ ಮಾಡಿರುವುದು ಬೀಜಿಂಗನ್ನು. ಪಲಾವು 1999ರಿಂದ ತೈವಾನನ್ನು. ಮಾರ್ಷಲ್ ದ್ವೀಪಗಳೂ ತೈವಾನ್ ಕಡೆ, ಮೈಕ್ರೊನೇಷ್ಯ ಬೀಜಿಂಗ್ ಕಡೆ. ಒಂದೇ ಬಗೆಯ ಒಡಂಬಡಿಕೆಯಲ್ಲಿದ್ದೂ ಬೇರೆ ಬೇರೆ ವಿದೇಶಾಂಗ ನೀತಿ. ಇದನ್ನು ಸಾಮಂತಿಕೆ ಎನ್ನಲಾಗದು.

ಉತ್ತರ 2ಕ್ಕೂ ಒಂದು ಮಾತು. ಕುಕ್ ದ್ವೀಪಗಳು (1965) ಮತ್ತು ನಿಯುವೆ (1974) ಇಂಥ ಕಾಂಪ್ಯಾಕ್ಟ್‌ಗೆ ಸಹಿ ಮಾಡಿದವಲ್ಲ. ಅವುಗಳ ಸ್ಥಾನ ನಿಂತಿರುವುದು ಸಂವಿಧಾನ ಮತ್ತು ನ್ಯೂಜಿಲೆಂಡಿನ ಕಾಯ್ದೆಯ ಮೇಲೆ. ಅಲ್ಲಿನ ಜನ ನ್ಯೂಜಿಲೆಂಡಿನ ಪೌರರೇ. ಪಲಾವಿನವರು ಅಮೆರಿಕದ ಪೌರರಲ್ಲ, ವೀಸಾ ಇಲ್ಲದೆ ಹೋಗಿ ದುಡಿಯಬಹುದು ಅಷ್ಟೆ. ಹಾಗಾಗಿ ಒಪ್ಪಂದದ ಪತ್ರಕ್ಕೊಂದು ಪದ, ಆ ದೇಶಗಳ ಸ್ಥಿತಿಗೊಂದು ಪದ ಬೇಕೇ ಬೇಕು. ಸ್ಥಿತಿಗೆ ‘ಸ್ವಇಚ್ಛೆಯ ನಂಟು’.

ಉತ್ತರ 5

‘ಸ್ವಇಚ್ಛೆ’ ಎಂಬ ಪದವೇ ಅಶುದ್ಧ. ಗುಣಸಂಧಿಯಾಗಿ ‘ಸ್ವೇಚ್ಛೆ’. ಅದಕ್ಕೆ ‘ನಂಟು’ ಕಟ್ಟಿದರೆ ಅರಿಸಮಾಸ (ಸಂಸ್ಕೃತ, ಕನ್ನಡ ಪದಗಳ ಕೂಡದ ಸಮಾಸ) ಬೇರೆ.

ಉತ್ತರ 1

ಸರ್, ‘ಸ್ವೇಚ್ಛೆಯ ನಂಟು’ ಎಂದು ಮುದ್ರಿಸಿದರೆ ಆಗುವ ಅನಾಹುತ ಯೋಚಿಸಿ. ಕನ್ನಡದಲ್ಲಿ ಸ್ವೇಚ್ಛೆ ಎಂದರೆ ಲಂಗುಲಗಾಮಿಲ್ಲದ ನಡೆ. ಆ ಅರ್ಥದಿಂದ ತಪ್ಪಿಸಿಕೊಳ್ಳಲೆಂದೇ ಜನ ಸಂಧಿ ಮಾಡದೆ ‘ಸ್ವಇಚ್ಛೆಯಿಂದ’ ಎಂದು ಅರ್ಜಿಗಳಲ್ಲಿ ಬರೆಯುತ್ತಾರೆ. ಇನ್ನು ಷಷ್ಠೀ ವಿಭಕ್ತಿ ಕಣ್ಣೆದುರೇ ಇರುವಾಗ ಅದು ಸಮಾಸವೇ ಅಲ್ಲ, ಅರಿಸಮಾಸ ಎಲ್ಲಿಂದ ಬಂತು?

ಉತ್ತರ 3

ಇಷ್ಟೆಲ್ಲ ಸಂಸ್ಕೃತ ಹೊರುವ ಬದಲು ‘ಕರಾರು’ ಎನ್ನಿ. ಬಾಡಿಗೆ ಮನೆಯವರಿಗೂ ಗೊತ್ತು.

ಉತ್ತರ 5

ಅರಬ್ಬಿ ಪದ. ಬೇಡ.

ಉತ್ತರ 4

ಹಾಗಾದರೆ ವಕೀಲ ಕೂಡ ಬಿಡಬೇಕಾಗುತ್ತದೆ. ಹೈದರ್, ಟಿಪ್ಪು ಕಾಲದಲ್ಲಿ ವಕೀಲ ಎಂದರೆ ರಾಯಭಾರಿ. ರಾಜತಂತ್ರದ ಭಾಷೆ ಈ ನೆಲದಲ್ಲಿ ಪಾರ್ಸಿಯಲ್ಲೂ ಬೆಳೆದಿದೆ. ‘ಕರಾರು’ ಬೇಡವೆನ್ನಲು ಸರಿಯಾದ ಕಾರಣ ಬೇರೆ: ಅದು ಇಬ್ಬರು ವ್ಯಕ್ತಿಗಳ ನಡುವಿನ ಕಾಗದದಂತೆ ಕೇಳಿಸುತ್ತದೆ, ಎರಡು ದೇಶಗಳ ಗಾಂಭೀರ್ಯ ಬರುವುದಿಲ್ಲ.

ಪ್ರಶ್ನೆ ಕೇಳಿದವರು

ಧನ್ಯವಾದ. ಹೀಗೆ ಹಾಕುತ್ತಿದ್ದೇನೆ. ಐದೂ ದೇಶಗಳಿಗೆ ‘ಸ್ವಇಚ್ಛೆಯ ನಂಟು’. ಅಮೆರಿಕದ ಮೂರಕ್ಕೆ ಮಾತ್ರ ಕೆಳಗೆ ‘ಸ್ವಇಚ್ಛೆಯ ನಂಟಿನ ಒಡಂಬಡಿಕೆ’, ಪಕ್ಕದಲ್ಲಿ ವರ್ಷ: ಪಲಾವು 1994, ಉಳಿದೆರಡು 1991. ಪಲಾವಿನ ಟಿಪ್ಪಣಿ: ‘ತೈವಾನ್ ಜೊತೆ ಸಂಬಂಧವಿದೆ’.

ಉತ್ತರ 4

ಮೇಡಂ, ಎರಡು ತಿದ್ದುಪಡಿ. 1991 ಆ ಎರಡು ದೇಶಗಳು ವಿಶ್ವಸಂಸ್ಥೆ ಸೇರಿದ ವರ್ಷ; ಒಡಂಬಡಿಕೆ ಜಾರಿಯಾದದ್ದು 1986ರಲ್ಲಿ. ‘ಸಂಬಂಧವಿದೆ’ ಸಾಲದು, ‘ಮಾನ್ಯತೆ ಕೊಟ್ಟಿದೆ’ ಎಂದೇ ಬರೆಯಿರಿ. ಭಾರತಕ್ಕೂ ತೈವಾನ್ ರಾಜಧಾನಿ ತೈಪೆಯಲ್ಲಿ 1995ರಿಂದ ಕಚೇರಿಯಿದೆ, ಆದರೆ ಮಾನ್ಯತೆ ಕೊಟ್ಟಿಲ್ಲ. ಹೆಸರು ‘ಪಲಾವು’ ಎಂದು ಉಕಾರಾಂತವಾಗಿಯೇ ಇರಲಿ. ‘ಪಲಾವ್’ ಎಂದರೆ ಮಕ್ಕಳು ಅನ್ನದ ಪಲಾವ್ ಎಂದು ಓದಿಕೊಳ್ಳುತ್ತಾರೆ.